ಅಂಬಾಸಿಡರ್, ಫಿಯಟ್, ಹೆರಾಲ್ಡ್, ಜೀಪು: ಮೊದಲ ಹಳೆಯ ಗಾಡಿ ಯಾವುದಾಗಬೇಕು?

ನಾನು ಕೊಂಡ ಮೊದಲ ಹಳೆಯ ಕಾರು ತಿಳಿನೀಲಿ ಬಣ್ಣದ ಪ್ರೀಮಿಯರ್ ಪದ್ಮಿನಿ, ಅಂದರೆ ನಮ್ಮಲ್ಲಿ ಫಿಯಟ್ ಎಂದೇ ಕರೆಯುವ ಗಾಡಿ. ಬಣ್ಣ ಕನ್ನಡಿಯಂತಿತ್ತು, ಎಂಜಿನ್ ಒಂದೇ ಸೆಲ್ಫ್‌ಗೆ ಎದ್ದಿತು, ಸೀಟಿಗೆ ಹೊಸ ರೆಕ್ಸಿನ್ ಹೊದಿಸಿದ್ದರು. ಮನೆಗೆ ತಂದ ಮೂರನೆಯ ವಾರ ಮ್ಯಾಟ್ ಎತ್ತಿದಾಗ ಚಾಲಕನ ಕಾಲಡಿಯ ಡಾಂಬರು ಮೆತ್ತಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದೆ. ಡಾಂಬರಿನ ಅಡಿಯಲ್ಲಿ ತಗಡೇ ಇರಲಿಲ್ಲ. ನಾಲ್ಕು ಮಡಿಕೆಯ ದಿನಪತ್ರಿಕೆ ಇತ್ತು, ಅದರಲ್ಲಿ ಯಾರೋ ಅರ್ಧ ಬಿಡಿಸಿಟ್ಟ ಪದಬಂಧ. ಆ ಗಾಡಿಯ ಎಂಜಿನ್ ಕೆಲಸ ಎರಡು ವಾರದಲ್ಲಿ ಮುಗಿಯಿತು. ತಗಡಿನ ಕೆಲಸಕ್ಕೆ ಹನ್ನೊಂದು ತಿಂಗಳು ಹಿಡಿಯಿತು.

ಅಂದಿನಿಂದ ‘ಅಂಬಾಸಿಡರ್ ತೆಗೆದುಕೊಳ್ಳಲೋ ಫಿಯಟ್ ತೆಗೆದುಕೊಳ್ಳಲೋ’ ಎಂದು ಯಾರು ಕೇಳಿದರೂ ನಾನು ನೇರವಾಗಿ ಉತ್ತರಿಸುವುದಿಲ್ಲ. ಕೇಳುವವರು ಹೆಚ್ಚಾಗಿ ಒಂದು ಗಾಡಿಯ ಮೇಲೆ ಆಗಲೇ ಮನಸ್ಸಿಟ್ಟಿರುತ್ತಾರೆ: ತಾತನ ಮನೆಯಲ್ಲಿ ಅಂಬಾಸಿಡರ್ ಇತ್ತು, ಅಪ್ಪ ಅಮ್ಮನ ಮದುವೆಯ ದಿಬ್ಬಣ ಫಿಯಟ್‌ನಲ್ಲಿ ಬಂದಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಳ್ಳುವುದು ಆ ಗಾಡಿಯನ್ನಲ್ಲ, ನಲವತ್ತು ಐವತ್ತು ವರ್ಷ ಮಳೆ ಬಿಸಿಲು ಕಂಡ ಇನ್ನೊಂದು ಗಾಡಿಯನ್ನು.

ಯಾವುದರಿಂದ ಅಳೆಯಬೇಕು

ಮೊದಲನೆಯದು ಕಾಗದ. ಎರಡನೆಯದು ತಗಡು. ಮೂರನೆಯದು ಬಿಡಿಭಾಗ. ನಾಲ್ಕನೆಯದು ಆ ಗಾಡಿಯನ್ನು ಬಲ್ಲ ಕೈಗಳು ನಿಮ್ಮ ಊರಿನಲ್ಲಿವೆಯೇ ಎಂಬುದು. ಐದನೆಯದು, ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ, ಏನು ಮಾಡುತ್ತೀರಿ. ಎಂಜಿನ್ ಈ ಪಟ್ಟಿಯಲ್ಲೇ ಇಲ್ಲ ಎಂದು ಹುಬ್ಬೇರಿಸಬೇಡಿ. ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಎಂಜಿನ್ ಎಷ್ಟೇ ಸೋತಿರಲಿ, ಬೋರಿಂಗ್ ಮಾಡುವ ಲೇತ್ ಅಂಗಡಿ ಜಿಲ್ಲಾ ಕೇಂದ್ರಗಳಲ್ಲೆಲ್ಲ ಇದೆ. ಕೊಳೆತ ತಗಡನ್ನು ಕತ್ತರಿಸಿ, ಹೊಸದನ್ನು ಬಡಿದು ಬಾಗಿಸಿ, ಬೆಸುಗೆ ಹಾಕಿ, ಬಾಗಿಲು ಮೊದಲಿನಂತೆ ಮುಚ್ಚುವ ಹಾಗೆ ಮಾಡುವ ಟಿಂಕರ್ ಸಿಗುವುದು ಕಷ್ಟ. ಸಿಕ್ಕವರಿಗೂ ವಿಮೆಯ ಕೆಲಸದ ಹೊಸ ಕಾರುಗಳೇ ಮೊದಲು. ನಮ್ಮ ಗಾಡಿ ಮೂಲೆಗೆ.

ಕಾಗದದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯಸ್ಸು; ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಹಸಿರು ತೆರಿಗೆ ಬೇರೆ. ಇದಲ್ಲದೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ (ಗಾಡಿಯನ್ನು ಹೊರುವ ಅಡಿಯ ಚೌಕಟ್ಟು), ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ಮರುನೋಂದಣಿಗೆ 5,000. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಈಗಾಗಲೇ ನೋಂದಣಿಯಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಫಲಕ ಇರುವವರಿಗೆ ಇದು ಹಬ್ಬ. ಆದರೆ ಬೆಲ್ಲದೊಳಗೆ ಕಲ್ಲೂ ಇದೆ: ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಂಜನಗೂಡಿಗೆ ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಆರ್‌ಸಿ ಇಲ್ಲದ ಗಾಡಿ, ಮಾಲೀಕರು ತೀರಿಕೊಂಡು ವಾರಸುದಾರರಲ್ಲಿ ಒಬ್ಬರು ಸಹಿ ಹಾಕದ ಗಾಡಿ, ಬೇರೆ ರಾಜ್ಯದಿಂದ ಎನ್‌ಒಸಿ ಬಾರದ ಗಾಡಿ, ಇವನ್ನು ಪುಕ್ಕಟೆ ಕೊಟ್ಟರೂ ಮೊದಲ ಬಾರಿಗೆ ಕೊಳ್ಳುವವರು ಮುಟ್ಟಬಾರದು. ಚಾಸಿ ಸಂಖ್ಯೆಯನ್ನು ನೀವೇ ಬಟ್ಟೆಯಿಂದ ಉಜ್ಜಿ, ಟಾರ್ಚ್ ಹಿಡಿದು ಓದಿ, ಆರ್‌ಸಿಯ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ‘ಬಿಡಿ ಸಾರ್, ಆರ್‌ಟಿಒದಲ್ಲಿ ನಮ್ಮವರಿದ್ದಾರೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಪ್ರೀಮಿಯರ್ ಪದ್ಮಿನಿ ಮತ್ತು ಅದರ ಅಕ್ಕಂದಿರು

ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಗಾಡಿ ಇದು. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದು, ಕೆಲಕಾಲ ಪ್ರೆಸಿಡೆಂಟ್ ಎನಿಸಿಕೊಂಡು, 1974ರಲ್ಲಿ ಪದ್ಮಿನಿಯಾಯಿತು. ಅದಕ್ಕೂ ಹಿಂದಿನ 1950ರ ದಶಕದ ಗುಂಡುಗುಂಡಾದ ಫಿಯಟ್‌ಗೆ ಮುಂಬಯಿ ಕಡೆ ‘ಡುಕ್ಕರ್’ ಎಂಬ ಅಡ್ಡಹೆಸರು, ಅಂದರೆ ಹಂದಿ. ಅದರ ಮುಂದಿನ ಬಾಗಿಲಿನ ಕೀಲು ಹಿಂದುಗಡೆ ಇತ್ತು, ಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆಯುತ್ತಿತ್ತು. ಡುಕ್ಕರ್ ಈಗ ಸಂಗ್ರಾಹಕರ ಗಾಡಿ. ಬೆಲೆಯೂ ಅದಕ್ಕೆ ತಕ್ಕಂತೆ. ಮೊದಲ ಗಾಡಿಗೆ ಡಿಲೈಟ್ ಅಥವಾ ಪದ್ಮಿನಿಯೇ ಸರಿ.

1089 ಸಿಸಿ ಎಂಜಿನ್, 900 ಕಿಲೋಗ್ರಾಂಗೂ ಕಡಿಮೆ ತೂಕ, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಓಡಿಸಲು ಹಗುರ, ಇಕ್ಕಟ್ಟಾದ ಬೀದಿಗೆ ಹೇಳಿ ಮಾಡಿಸಿದ್ದು. ಮುಂಬಯಿಯಲ್ಲಿ ಸಾವಿರಾರು ಟ್ಯಾಕ್ಸಿಗಳಾಗಿ ಓಡಿದ ಕಾರಣ ಬಿಡಿಭಾಗಗಳ ಹಳೆಯ ದಾಸ್ತಾನು ಇನ್ನೂ ಅಲ್ಲಿನ ಅಂಗಡಿಗಳಲ್ಲಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಹೋದವು. ಇನ್ನು ದಾಸ್ತಾನು ಕರಗುತ್ತಲೇ ಹೋಗುತ್ತದೆ. ಗ್ಯಾಸ್ಕೆಟ್, ಬುಷ್, ಬ್ರೇಕ್ ಸಾಮಾನುಗಳಿಗೆ ಸದ್ಯ ಪರದಾಟವಿಲ್ಲ. ಗಾಜಿನ ಸುತ್ತಲಿನ ಹೊಳೆಯುವ ಪಟ್ಟಿ, ಹಳೆಯ ಡಿಲೈಟ್‌ನ ಲಾಂಛನ, ಮೀಟರಿನ ಚೌಕಟ್ಟು ಇಂಥವಕ್ಕೆ ಪರದಾಟವೇ.

ಇದರ ಶತ್ರು ತುಕ್ಕು. ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲಡಿಯ ಉದ್ದಪಟ್ಟಿ ಕೊಳೆತರೆ ಅಂದ ಕೆಟ್ಟಿತೆಂದಷ್ಟೇ ಅರ್ಥವಲ್ಲ, ಗಾಡಿಯ ಬೆನ್ನುಮೂಳೆಯೇ ಕುಸಿದಂತೆ. ನೋಡುವ ಬಗೆ ಸುಲಭ. ಫ್ರಿಜ್ ಬಾಗಿಲಿಗೆ ಅಂಟಿಸುವಂಥ ಸಾಧಾರಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಬಾಗಿಲ ಕೆಳತುದಿ, ಚಕ್ರದ ಕಮಾನು, ಹೆಡ್‌ಲೈಟಿನ ಸುತ್ತ ಆಡಿಸಿ. ಹಿಡಿಯದೆ ಜಾರಿದಲ್ಲಿ ಇರುವುದು ಪುಟ್ಟಿ, ತಗಡಲ್ಲ. ಆಮೇಲೆ ಮುಂದಿನ ಬಾಗಿಲ ಹತ್ತಿರ ಜಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿಸಿ ಬಾಗಿಲು ತೆಗೆದು ಹಾಕಿ. ಮೊದಲು ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಕಚ್ಚಿಕೊಂಡರೆ ಮಾತುಕತೆ ಮುಗಿಯಿತು. ಮಾಲೀಕರು ಜಾಕ್ ಕೊಡಲು ಬಿಡದಿದ್ದರೂ ಮುಗಿಯಿತು. ನಾನು ಇದನ್ನೆಲ್ಲ ಕಲಿತದ್ದು ಪದಬಂಧ ಬಿಡಿಸಿದ ಮೇಲೆ.

ಅಂಬಾಸಿಡರ್

ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ 1957ರ ಸುಮಾರಿಗೆ ಆರಂಭಿಸಿ 2014ರ ಮೇ ತಿಂಗಳವರೆಗೆ ತಯಾರಿಸಿದ ಗಾಡಿ. ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿ. ಇಷ್ಟು ದೀರ್ಘಾಯುಷ್ಯದ ಲಾಭ ಕೊಳ್ಳುವವರಿಗೇ. ಹೊರಮೈಯ ತಗಡು, ತೂಗುವ್ಯವಸ್ಥೆ (ಸಸ್ಪೆನ್ಷನ್), ಸ್ಟೀರಿಂಗ್ ಭಾಗಗಳು ಇತ್ತೀಚಿನವರೆಗೂ ತಯಾರಾಗುತ್ತಿದ್ದವು. 1489 ಸಿಸಿಯ ಬಿ ಸರಣಿಯ ಎಂಜಿನ್ ಇಂಗ್ಲೆಂಡಿನ ಎಂಜಿಎ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಹಾಗಾಗಿ ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ನಮ್ಮ ಜೆ.ಸಿ. ರಸ್ತೆಯಲ್ಲಿ ಸಿಗದಿದ್ದ ಎಂಜಿನ್ ಸಾಮಾನು ಇಂಗ್ಲೆಂಡಿನ ಎಂಜಿ ಅಂಗಡಿಗಳಲ್ಲಿ ಸಿಗುವ ಸಂಭವವಿದೆ, ಸುಂಕ ಕಟ್ಟುವ ಮನಸ್ಸಿದ್ದರೆ.

ಇದೂ ಬಾಡಿಯೇ ಚಾಸಿಯಾದ ಗಾಡಿ. ಆದರೆ ತಗಡು ದಪ್ಪ. ಕೊಳೆಯಲು ಹೆಚ್ಚು ಕಾಲ ಬೇಕು, ಕೊಳೆತ ಮೇಲೂ ಬೆಸುಗೆ ಹಿಡಿಯುತ್ತದೆ. ಡಿಕ್ಕಿಯ ನೆಲ, ಹಿಂದಿನ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಬಾಡಿಗೆ ಸೇರುವ ಜಾಗ, ಸ್ಪ್ರಿಂಗ್‌ನಂತೆ ತಿರುಚಿಕೊಳ್ಳುವ ಮುಂದಿನ ಉಕ್ಕಿನ ಸರಳು (ಟಾರ್ಶನ್ ಬಾರ್) ಹಿಂದಕ್ಕೆ ಬಂದು ನೆಲದಡಿ ಕಚ್ಚಿಕೊಳ್ಳುವ ಅಡ್ಡಪಟ್ಟಿ, ಈ ಮೂರನ್ನು ಕೆಳಗೆ ಮಲಗಿ ನೋಡಲೇಬೇಕು. ಮುಂದಿನ ಚಕ್ರಗಳ ಕೀಲುಗಳಿಗೆ ಗ್ರೀಸ್ ಗನ್ ಹಿಡಿಯುವ ಅಭ್ಯಾಸ ತಪ್ಪಿದ ಗಾಡಿಯಾದರೆ ಸ್ಟೀರಿಂಗ್ ಗಾಣದ ನೊಗದಂತಿರುತ್ತದೆ. ಅದು ದುಬಾರಿ ರಿಪೇರಿಯೇನಲ್ಲ, ಚೌಕಾಶಿಗೆ ಒಳ್ಳೆಯ ನೆಪ.

ತೊಂದರೆ ಬೇರೆಡೆ ಇದೆ. ಬಹಳಷ್ಟು ಅಂಬಾಸಿಡರ್‌ಗಳು ಟ್ಯಾಕ್ಸಿಗಳಾಗಿ, ಸರ್ಕಾರಿ ಗಾಡಿಗಳಾಗಿ ದುಡಿದವು. ಹಳದಿ ಫಲಕದ ಗಾಡಿಯನ್ನು ಖಾಸಗಿಗೆ ಬದಲಾಯಿಸಿದ ದಾಖಲೆ, ಹರಾಜಿನ ಗಾಡಿಯಾದರೆ ಹರಾಜಿನ ಕಾಗದ ಕೇಳಿ. ಎಂಜಿನ್ ಬದಲಾದ ಗಾಡಿಗಳೂ ವಿಪರೀತ: ಪೆಟ್ರೋಲಿನದಕ್ಕೆ ಡೀಸೆಲ್ ಕೂರಿಸಿರುತ್ತಾರೆ, ಹಳೆಯದಕ್ಕೆ ತೊಂಬತ್ತರ ದಶಕದ 1.8 ಲೀಟರ್ ಇಸುಜು. ಇಸುಜು ಅಂಬಾಸಿಡರ್ ಓಡಿಸಲು ನಿಜಕ್ಕೂ ಹಿತ. ಆದರೆ ಚೌಕುಳಿ ಗ್ರಿಲ್‌ನ ಹಳೆಯ ಮಾರ್ಕ್ 2 ಮಾದರಿಗೆ ಅದನ್ನು ಕೂರಿಸಿದ್ದರೆ ಮೂಲ ರೂಪ ಹೋಯಿತು, ವಿಂಟೇಜ್ ನೋಂದಣಿಯ ದಾರಿಯೂ ಮುಚ್ಚಿತು.

ಇನ್ನೊಂದು, ಅಗಲ ಉದ್ದ. ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ, ಪದ್ಮಿನಿ 3.9. ಈ ನಲವತ್ತು ಸೆಂಟಿಮೀಟರ್ ಲೆಕ್ಕಕ್ಕೆ ಬಾರದು ಎನಿಸುತ್ತದೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಗೇಟು ಮುಚ್ಚಲು ಹೋದಾಗ ಲೆಕ್ಕಕ್ಕೆ ಬರುತ್ತದೆ.

ಸ್ಟ್ಯಾಂಡರ್ಡ್ ಹೆರಾಲ್ಡ್

ಮನಸ್ಸು ಇದರ ಕಡೆಗೇ ವಾಲುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ ಇದು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಇದನ್ನು ಇಲ್ಲಿ ತಯಾರಿಸಿತು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟಯರಿನ ಮೇಲೆ ಕುಳಿತು, ಪಕ್ಕದಲ್ಲಿ ಕಾಫಿ ಲೋಟ ಇಟ್ಟುಕೊಂಡು ಕಾರ್ಬುರೇಟರ್ ಸರಿಮಾಡಬಹುದಾದ ಕಾರು ನನಗೆ ತಿಳಿದಂತೆ ಇದೊಂದೇ. 25 ಅಡಿ ವೃತ್ತದಲ್ಲಿ ತಿರುಗುತ್ತದೆ. ಪ್ರತ್ಯೇಕ ಚಾಸಿ ಇದೆ, ಬಾಡಿಯ ತುಂಡುಗಳನ್ನು ಬೋಲ್ಟು ಬಿಚ್ಚಿ ತೆಗೆಯಬಹುದು. ಕೈಯಾರೆ ಕೆಲಸ ಕಲಿಯಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಆದರೂ ಮೊದಲ ಗಾಡಿಯಾಗಿ ಸಲಹೆ ಮಾಡಲು ಹಿಂಜರಿಯುತ್ತೇನೆ. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ, ಅದು ನಮ್ಮದೇ. ಎಂಜಿನ್, ಗೇರ್‌ಬಾಕ್ಸ್, ಮುಂದಿನ ತೂಗುವ್ಯವಸ್ಥೆಯ ಸಾಮಾನನ್ನು ಇಂಗ್ಲೆಂಡಿನಿಂದ ತರಿಸಬಹುದು. ಹಿಂದಿನ ಬಾಗಿಲಿನ ಗಾಜು, ಅದರ ಪಟ್ಟಿಗಳು ಬೇಕಾದರೆ ಇನ್ನೊಂದು ಸತ್ತ ಗಾಡಿ ಹುಡುಕಬೇಕು. 1972ರಲ್ಲಿ ಇದೇ ಕಂಪನಿಯಿಂದ ಬಂದ ಗೆಜೆಲ್‌ನದೂ ಇದೇ ಗೋಳು. ಇನ್ನು ಅಪಾಯದ ಒಂದು ಜಾಗ: ಮುಂದಿನ ಚಕ್ರ ಹೊತ್ತ ಲಂಬ ಕಂಬದ ಕೆಳತುದಿ ಟ್ರನಿಯನ್ ಎಂಬ ಹಿತ್ತಾಳೆ ಬಣ್ಣದ ಗೂಡಿನೊಳಗೆ ತಿರುಪಿನಂತೆ ತಿರುಗಿಕೊಂಡು ಕೂತಿರುತ್ತದೆ. ಅದಕ್ಕೆ ಹಾಕಬೇಕಾದದ್ದು ಗೇರ್ ಎಣ್ಣೆ, ಗ್ರೀಸ್ ಅಲ್ಲ. ನಮ್ಮ ಗ್ಯಾರೇಜುಗಳಲ್ಲಿ ಗ್ರೀಸ್ ಗನ್ನೇ ಎಲ್ಲಕ್ಕೂ ಮದ್ದು. ಗ್ರೀಸ್ ಒಣಗಿ, ಒಳಗೆ ನೀರು ಸೇರಿ, ಉಕ್ಕು ತುಕ್ಕು ತಿಂದು ಒಂದು ದಿನ ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ಹೆರಾಲ್ಡ್ ಕೊಂಡವರು ಬೇರೇನು ಮಾಡುವ ಮೊದಲೂ ಎರಡೂ ಬದಿಯ ಟ್ರನಿಯನ್‌ಗಳನ್ನು ಬಿಚ್ಚಿಸಿ ನೋಡಬೇಕು.

ಕೊಳ್ಳುವ ಬೆಲೆ ಇದರಲ್ಲಿ ಮೋಸಮಾಡುತ್ತದೆ. ಕಡಿಮೆಗೆ ಸಿಗುತ್ತದೆ, ಮುಗಿಸುವ ಹೊತ್ತಿಗೆ ಅಂಬಾಸಿಡರನ್ನು ಮೀರಿಸುತ್ತದೆ.

ಜೀಪು

ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಆರಂಭಿಸಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲಿನ ಎತ್ತರದ ಬಾನೆಟ್ಟಿನ ಸಿಜೆ-3ಬಿ ದಶಕಗಟ್ಟಲೆ ತಯಾರಾಯಿತು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಇವತ್ತಿಗೂ ದುಡಿಯುವ ಜೀಪುಗಳಿವೆ. ದಪ್ಪ ಚಾಸಿ, ಚಪ್ಪಟೆ ತಗಡು. ಡಬ್ಬಿಯಂಥ ಬಾಡಿಯನ್ನು ಸಾಧಾರಣ ಟಿಂಕರ್ ಕೂಡ ಬಡಿದು ನಿಲ್ಲಿಸಬಲ್ಲರು, ಹೊಸ ಬಾಡಿಯೂ ಸಿಗುತ್ತದೆ. ತುಕ್ಕಿನ ಭಯ ಎಲ್ಲಕ್ಕಿಂತ ಕಡಿಮೆ.

ಆ ಸುಲಭವೇ ಇದರ ಕೇಡು. ಮೂರು ಜೀಪುಗಳಿಂದ ಒಂದನ್ನು ಕಟ್ಟುವುದು ಸಲೀಸಾದ್ದರಿಂದ ಚಾಸಿ ಒಂದರದು, ಕಾಗದ ಇನ್ನೊಂದರದು, ಎಂಜಿನ್ ಮತ್ತೊಂದರದು. 2.2 ಲೀಟರಿನ ಮೂಲ ಪೆಟ್ರೋಲ್ ಎಂಜಿನ್ ಕುಡಿಯುವ ಪೆಟ್ರೋಲಿಗೆ ಹೆದರಿ ಬಹಳ ಮಂದಿ ಡೀಸೆಲ್ ಕೂರಿಸಿದರು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ; ಅನುಮತಿ ಪಡೆದು ಎಂಜಿನ್ ಬದಲಾಯಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಮೂಲ ಪೆಟ್ರೋಲ್ ಎಂಜಿನ್, ತಾಳೆಯಾಗುವ ಸಂಖ್ಯೆ, ಒಬ್ಬರೇ ಮಾಲೀಕರ ತೋಟದ ಜೀಪು ಸಿಕ್ಕರೆ ಉಳಿದ ಮೂರನ್ನೂ ಮರೆತು ಅದನ್ನೇ ಕೊಳ್ಳಿ. ನೂರು ಜೀಪು ನೋಡಿದರೆ ಅಂಥದ್ದು ಒಂದೆರಡು ಕಾಣಬಹುದು.

ಯುದ್ಧಕ್ಕೂ ಹಿಂದಿನ ಆಸ್ಟಿನ್, ಮಾರಿಸ್‌ಗಳ ಬಗ್ಗೆಯೂ ಕೇಳುತ್ತಾರೆ. ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆ, ಎರಕ ಹೊಯ್ದು ಮಾಡಬೇಕಾದ ಬಿಳಿಲೋಹದ ಬೇರಿಂಗು. ಅವು ಎರಡನೆಯ ಗಾಡಿಗೆ ಇರಲಿ. ಸುಮ್ಮನೆ ಕಣ್ತುಂಬ ನೋಡಬೇಕಾದರೆ ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಕಡೆಯ ಪಯಣ ವಸ್ತುಸಂಗ್ರಹಾಲಯಗಳಿವೆ. ಅಲ್ಲಿಗೆ ಹೋದಾಗ ಬಣ್ಣ ನೋಡುವುದನ್ನು ಬಿಟ್ಟು ಬಾಗಿಲಿನ ಸಂದುಗಳನ್ನು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆ ಇದ್ದರೆ ಅಲ್ಲಿ ಒಳ್ಳೆಯ ಟಿಂಕರ್ ಕೈ ಆಡಿದೆ.

ಓಡುವುದೋ, ನಿಂತದ್ದೋ, ಮುಗಿಸಿದ್ದೋ

ಹೆಸರು ತೀರ್ಮಾನವಾದ ಮೇಲೆ ಸ್ಥಿತಿಯ ಪ್ರಶ್ನೆ. ಹಣ ಕಡಿಮೆ, ಸಮಯ ಹೆಚ್ಚು ಇರುವವರು ನಿಂತ ಗಾಡಿಯನ್ನು ಅಗ್ಗವಾಗಿ ಕೊಂಡರೆ ಜಾಣತನ ಎಂದುಕೊಳ್ಳುತ್ತಾರೆ. ಲೆಕ್ಕ ತಲೆಕೆಳಗು. ಹಣ ಕಡಿಮೆ ಇರುವವರೇ ಓಡುತ್ತಿರುವ, ತಗಡು ಗಟ್ಟಿಯಿರುವ, ಬಣ್ಣ ಮಾತ್ರ ಮಾಸಿದ ಗಾಡಿ ಕೊಳ್ಳಬೇಕು. ಓಡಿಸುತ್ತಲೇ ಒಂದು ತಿಂಗಳು ಬ್ರೇಕು, ಇನ್ನೊಂದು ತಿಂಗಳು ವೈರಿಂಗ್ ಎಂದು ಸಂಬಳಕ್ಕೆ ತಕ್ಕಂತೆ ಮಾಡಿಸಬಹುದು. ನಿಂತ ಗಾಡಿ ಕೊಂಡರೆ, ಕೊಂಡ ಬೆಲೆಯ ಎರಡರಷ್ಟನ್ನು ಪಕ್ಕಕ್ಕೆ ಇಟ್ಟಿರಿ. ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟ ಗಾಡಿಯಂತೂ ಬೇಡವೇ ಬೇಡ. ‘ಎಲ್ಲ ಇದೆ’ ಎನ್ನುವ ಡಬ್ಬದಲ್ಲಿ ಬೇಕಾದದ್ದೊಂದೇ ಇರುವುದಿಲ್ಲ. ಮುಗಿಸಿದ ಗಾಡಿ ಕೊಳ್ಳುವಷ್ಟು ಅನುಕೂಲ ಇರುವವರು ಬಣ್ಣ ಬಳಿಯುವ ಮುಂಚಿನ ಬರಿತಗಡಿನ ಚಿತ್ರಗಳನ್ನು ಕೇಳಬೇಕು. ಪ್ರಾಮಾಣಿಕವಾಗಿ ಕೆಲಸ ಮಾಡಿಸಿದವರು ಕೇಳುವ ಮೊದಲೇ ತೋರಿಸುತ್ತಾರೆ.

ಊರೂ ಮುಖ್ಯ. ಬಳ್ಳಾರಿ, ವಿಜಯಪುರದ ಒಣ ಹವೆಯಲ್ಲಿ ಬಾಳಿದ ಗಾಡಿಯ ಬಣ್ಣ ಸುಟ್ಟಿರುತ್ತದೆ, ರಬ್ಬರು ಸೀಳಿರುತ್ತದೆ, ತಗಡು ಗಟ್ಟಿ ಇರುತ್ತದೆ. ಉಡುಪಿ, ಕಾರವಾರದ್ದು ಇದರ ತಿರುಗುಮುರುಗು. ನಾನಾದರೆ ಸುಟ್ಟ ಬಣ್ಣವನ್ನೇ ಆರಿಸಿಕೊಳ್ಳುತ್ತೇನೆ.

ಬಿಡಿಭಾಗ

ಮೂರು ಬಗೆ: ಬಳಸದೆ ಉಳಿದ ಹಳೆಯ ದಾಸ್ತಾನು, ಗುಜರಿಯಿಂದ ತೆಗೆದ ಮೂಲ ಭಾಗ, ಈಗ ಹೊಸದಾಗಿ ಮಾಡಿದ ನಕಲು. ಬೆಂಗಳೂರಿನಲ್ಲಿ ಮೊದಲು ಜೆ.ಸಿ. ರಸ್ತೆ, ಆಮೇಲೆ ಶಿವಾಜಿನಗರದ ಗುಜರಿ. ಅಲ್ಲಿಯೂ ಸಿಗದಿದ್ದರೆ ಚೆನ್ನೈಯ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಮಾಯಾಪುರಿ. ಕಬ್ಬಿಣ, ಉಕ್ಕು, ಹಿತ್ತಾಳೆಯ ಸಾಮಾನು ಹಳೆಯ ದಾಸ್ತಾನಾದರೆ ಕಣ್ಣು ಮುಚ್ಚಿ ಕೊಳ್ಳಬಹುದು. ರಬ್ಬರು ಮಾತ್ರ ಎಂದಿಗೂ ಬೇಡ. ನಲವತ್ತು ವರ್ಷ ಪೊಟ್ಟಣದಲ್ಲೇ ಇದ್ದ ಬ್ರೇಕಿನ ರಬ್ಬರ್ ಕಪ್ (ಸೀಲ್) ನೋಡಲು ಹೊಸದು, ಒತ್ತಿದರೆ ಹಪ್ಪಳ. ಟಯರಿನದೂ ಹಾಗೆಯೇ, ಪಕ್ಕೆಯಲ್ಲಿ ಅಚ್ಚೊತ್ತಿದ ಸಾಲಿನ ಕೊನೆಯ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತದೆ. ಅಂಬಾಸಿಡರಿಗೆ 5.90-15, ಪದ್ಮಿನಿಗೆ 5.20-14, ಹೆರಾಲ್ಡಿಗೆ 5.20-13, ಜೀಪಿಗೆ 6.00-16 ಮೂಲ ಅಳತೆ. ಕೊನೆಯದು ಟ್ರ್ಯಾಕ್ಟರಿನ ಮುಂದಿನ ಚಕ್ರದ ಅಳತೆಯೂ ಹೌದು. ಸುಲಭವಾಗಿ ಸಿಕ್ಕಿತೆಂದು ಹೊಲದ ಟಯರ್ ಹಾಕಿಕೊಂಡು ಹೆದ್ದಾರಿಗೆ ಇಳಿಯಬೇಡಿ.

ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದೆ. ಅದು ಹಳೆಯ ರಬ್ಬರು ಕೊಳವೆಯನ್ನೂ ಪಂಪಿನ ಪರದೆಯನ್ನೂ ಮೆತ್ತಗೆ ಮಾಡುತ್ತದೆ, ನೀರು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಎಥನಾಲ್ ತಾಳುವ ಕೊಳವೆ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ತೆಗೆದಿಡಿ. ಬಾನೆಟ್ಟಿನ ಕೆಳಗೆ ಹೊತ್ತಿಕೊಂಡ ಹಳೆಯ ಗಾಡಿಗಳಲ್ಲಿ ಅಪರಾಧಿ ಹೆಚ್ಚಾಗಿ ಒಂದು ಗೇಣು ಉದ್ದದ ಕೊಳವೆ.

ಸಾಧನಗಳು

ಗಾಡಿ ಆರಿಸುವಾಗ ಯಾರೂ ಯೋಚಿಸದ ವಿಷಯ: ಫಿಯಟ್ ಮಿಲಿಮೀಟರಿನ ಗಾಡಿ, ಉಳಿದ ಮೂರು ಇಂಚಿನವು. ಅರ್ಧ ಇಂಚಿನ ನಟ್ಟಿಗೆ 13 ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಕೂರುತ್ತದೆ, ಎರಡು ಸಲ ಬಲ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, ಆ ಕೂದಲೆಳೆಯಷ್ಟು ಸಡಿಲಕ್ಕೇ ಎಷ್ಟೋ ಅಂಬಾಸಿಡರ್‌ಗಳ ನಟ್ಟುಗಳು ಬಲಿಯಾಗಿವೆ. ಮನೆಯಲ್ಲಿ ಆಗಲೇ ಮಿಲಿಮೀಟರ್ ಸೆಟ್ ಇದ್ದರೆ ಪದ್ಮಿನಿಗೆ ಒಂದು ಖರ್ಚು ಉಳಿಯಿತು. ಇಂಚಿನವಕ್ಕೆ ಎಸ್‌ಜೆಪಿ ರಸ್ತೆಯ ಆಸುಪಾಸಿನ ಭಾನುವಾರದ ಸಂತೆಯಲ್ಲಿ ಹಳೆಯ ಸ್ಪ್ಯಾನರ್‌ಗಳ ರಾಶಿಯನ್ನು ಕೆದಕಿ. ಇಂಗ್ಲೆಂಡಿನ ಕಿಂಗ್ ಡಿಕ್, ಬ್ರಿಟೂಲ್ ಹೆಸರು ಕಂಡರೆ ಬಿಡಬೇಡಿ. ಜೊತೆಯಲ್ಲಿ ‘1/4 ಡಬ್ಲ್ಯು’ ಎಂದು ಕೆತ್ತಿದ್ದೂ ಸಿಗುತ್ತದೆ. ಅದು ವಿಟ್‌ವರ್ತ್ ಅಳತೆ. ಆ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ಸ್ಪ್ಯಾನರಿನ ಬಾಯನ್ನಲ್ಲ. ಬಾಯಿ ಅರ್ಧ ಇಂಚಿಗೂ ತುಸು ಹೆಚ್ಚು. ಈ ನಾಲ್ಕು ಗಾಡಿಗಳಿಗೆ ಅದು ಬೇಡ.

ಹಳೆಯ ಸಾಧನಗಳ ತುಕ್ಕು ಬಿಡಿಸಲು ಮೂರು ದಾರಿ. ಸ್ಯಾಂಡ್ ಬ್ಲಾಸ್ಟಿಂಗ್ ವೇಗ, ಆದರೆ ಕೆತ್ತಿದ ಹೆಸರನ್ನೂ ನುಂಗುತ್ತದೆ. ತೊಳೆಯುವ ಸೋಡದ ನೀರಿನಲ್ಲಿ ಸಾಧನ ಮುಳುಗಿಸಿ, ಹೊರಗಿಟ್ಟ ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹಾಯಿಸುವುದು ಇನ್ನೊಂದು. ರಾತ್ರಿ ಬೆಳಗಾಗುವುದರೊಳಗೆ ಫಲ. ಎದುರಿಗೆ ಇಳಿಬಿಡುವ ತುಂಡು ಸಾಮಾನ್ಯ ಕಬ್ಬಿಣದ್ದಿರಬೇಕು, ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ನೀರು ವಿಷವಾಗುತ್ತದೆ. ನನಗೆ ಹಿಡಿಸಿದ್ದು ಕಾಕಂಬಿ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಮೊಲಾಸಸ್. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಮುಚ್ಚಳವಿರುವ ಬಕೆಟ್ಟು, ಎರಡು ಮೂರು ವಾರ. ವಾಸನೆಗೆ ಮನೆಯವರು ಬೈಯುತ್ತಾರೆ, ಇರುವೆಗಳು ಹೊಗಳುತ್ತವೆ. ಕಬ್ಬಿಣ ಬೂದಿಬಣ್ಣಕ್ಕೆ ತಿರುಗಿ ಹೊರಬರುತ್ತದೆ, ಅಕ್ಷರಗಳು ಒಂದೂ ಅಳಿಯದೆ. ಅಲ್ಯುಮಿನಿಯಂ, ಸತುವಿನ ಸಾಮಾನನ್ನು ಅದರಲ್ಲಿ ಮುಳುಗಿಸಬಾರದು. ಕಾರ್ಬುರೇಟರ್ ಅಂತೂ ಮುಗಿದೇ ಹೋಗುತ್ತದೆ.

ಕೊನೆಗೆ, ಯಾರಿಗೆ ಯಾವುದು

ಕಡಿಮೆ ಹಣ, ಚಿಕ್ಕ ಅಂಗಳ, ಭಾನುವಾರದ ಓಡಾಟ ಎಂದರೆ ಎಂಬತ್ತರ ದಶಕದ ಪದ್ಮಿನಿ, ಆಯಸ್ಕಾಂತ ಒಪ್ಪಿದರೆ. ಮನೆಮಂದಿಯೊಂದಿಗೆ ದೂರ ಹೋಗಬೇಕು, ಸಣ್ಣ ಊರಿನ ಗ್ಯಾರೇಜಿನಲ್ಲೇ ರಿಪೇರಿಯಾಗಬೇಕು ಎಂದರೆ ಅಂಬಾಸಿಡರ್. ವಿಂಟೇಜ್ ನೋಂದಣಿಯೇ ಗುರಿಯಾದರೆ 1975ರ ಹಿಂದಿನ ಡಿಲೈಟ್ ಅಥವಾ ಮಾರ್ಕ್ 2, ಮೂಲ ಎಂಜಿನ್ ಇದ್ದರೆ ಮಾತ್ರ. ಮೂರು ವರ್ಷ ಸಂಜೆಗಳನ್ನು ಕೊಡಬಲ್ಲವರಿಗೆ, ಗಾಡಿ ಓಡಿಸುವುದಕ್ಕಿಂತ ಬಿಚ್ಚುವುದರಲ್ಲೇ ಸುಖ ಕಾಣುವವರಿಗೆ ಹೆರಾಲ್ಡ್. ಜೀಪು, ಕಾಗದ ಹೇಳಿದಂತೆ.

ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವ ತಂಗಿಯ ಮಗ ಕಳೆದ ವರ್ಷ ಇದೇ ಪ್ರಶ್ನೆ ಹಿಡಿದುಕೊಂಡು ಬಂದ. ಬೀದಿಯಲ್ಲಿ, ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸುತ್ತಾನಂತೆ. ತಗಡು ಕೊಳೆಯಲು ಒಂದು ಮಳೆಗಾಲ ಸಾಕು ಎಂದೆ. ಕಾರಿನ ಬದಲು ಸಂತೆಯಿಂದ ಒಂದು ಹಳೆಯ ಬೆಂಚ್ ವೈಸ್ (ಮೇಜಿಗೆ ಬಿಗಿಯುವ ಕಬ್ಬಿಣದ ಹಿಡಿ) ಕೊಡಿಸಿದೆ, ತಿರುಪು ಕಚ್ಚಿಕೊಂಡು ಅಲುಗಾಡದೇ ಇದ್ದದ್ದು. ಮೂರು ವಾರ ಬಾಲ್ಕನಿಯ ಕಾಕಂಬಿ ಬಕೆಟ್ಟಿನಲ್ಲಿಟ್ಟ. ನಾಲ್ಕನೆಯ ಭಾನುವಾರ ಬೆಳಗ್ಗೆ ಫೋನು ಬಂತು. ‘ಮಾವ, ಒಂದು ಬೆರಳಿನಲ್ಲಿ ತಿರುಗುತ್ತಿದೆ’ ಎಂದ. ಈಗ ನಿಲ್ಲಿಸಲು ಶೆಡ್ಡು ಇರುವ ಬಾಡಿಗೆ ಮನೆ ಹುಡುಕುತ್ತಿದ್ದಾನೆ.